ದೂರದ ನೆಲಕ್ಕೆ ಇಳಿಯುವ ನೌಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಂಗಳಕ್ಕೆ ಹೋಗುವ ನೌಕೆಗೆ ಪ್ಯಾರಾಚೂಟ್ ಇರುತ್ತದೆ, ಚಂದ್ರನಿಗೆ ಹೋದ ನಮ್ಮ ವಿಕ್ರಮ್‌ಗೆ ಇರಲಿಲ್ಲ. ಒಂದೇ ಮಾದರಿಯ ಲ್ಯಾಂಡರ್ ಮಾಡಿ ಎಲ್ಲ ಕಡೆಗೂ ಕಳಿಸಲು ಏಕೆ ಆಗುವುದಿಲ್ಲ?
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಚಳ್ಳಕೆರೆ)

ಉತ್ತರ: ಲ್ಯಾಂಡರ್‌ಗೆ ಆಕಾರ ಕೊಡುವುದು ಇಳಿಯುವ ಜಾಗದ ಗಾಳಿ. ಚಂದ್ರನಲ್ಲಿ ಗಾಳಿಯಿಲ್ಲ, ಪ್ಯಾರಾಚೂಟ್ ಬಿಚ್ಚಿದರೆ ಉಬ್ಬಿಕೊಳ್ಳಲು ಏನೂ ಸಿಗದು. ಆದ್ದರಿಂದ ವೇಗವನ್ನೆಲ್ಲ ಎಂಜಿನ್‌ನಿಂದಲೇ ಕಳೆಯಬೇಕು. ಗಾಳಿಯಿಲ್ಲದಿರುವುದರಿಂದ ಒಂದು ಅನುಕೂಲವೂ ಉಂಟು: ಕಾಲು, ಆಂಟೆನಾ, ಸೌರಫಲಕ ಎಲ್ಲವನ್ನೂ ಹೊರಗೆ ಚಾಚಿಕೊಂಡೇ ಇಳಿಯಬಹುದು.

ಮಂಗಳ ತೊಡಕಿನ ಜಾಗ. ಅಲ್ಲಿನ ವಾಯುಒತ್ತಡ ನಮ್ಮದರ ಶೇ 1ಕ್ಕಿಂತ ಕಡಿಮೆ. ನೌಕೆಯನ್ನು ಕಾಯಿಸಿ ಕೆಂಪಗೆ ಮಾಡಲು ಆ ಗಾಳಿ ಸಾಕು, ನಿಲ್ಲಿಸಲು ಸಾಲದು. 2021ರ ಫೆಬ್ರುವರಿ 18ರಂದು ಇಳಿದ ಅಮೆರಿಕದ ಪರ್ಸಿವಿಯರೆನ್ಸ್ ನೌಕೆ ಸೆಕೆಂಡಿಗೆ ಸುಮಾರು 5.4 ಕಿ.ಮೀ. ವೇಗದಲ್ಲಿ ಒಳಹೊಕ್ಕಿತು. 4.5 ಮೀಟರ್ ಅಗಲದ ಶಾಖಕವಚ ವೇಗದ ಬಹುಪಾಲನ್ನು ತಿಂದಿತು, 21.5 ಮೀಟರ್ ಪ್ಯಾರಾಚೂಟ್ ಅದನ್ನು ಸೆಕೆಂಡಿಗೆ ಸುಮಾರು 90 ಮೀಟರಿಗೆ ತಂದಿತು. ಅಲ್ಲಿಂದ ಮುಂದೆ ಪ್ಯಾರಾಚೂಟ್‌ನಿಂದ ಪ್ರಯೋಜನವಿಲ್ಲ, ಎಂಜಿನ್ ಬೇಕೇ ಬೇಕು. ಅಂದರೆ ಕವಚ, ಪ್ಯಾರಾಚೂಟ್, ಎಂಜಿನ್ ಮೂರನ್ನೂ ಹೊತ್ತು, ಒಂದನ್ನು ಸರಿಯಾದ ಕ್ಷಣದಲ್ಲಿ ಬಿಸಾಡಿ ಇನ್ನೊಂದನ್ನು ಹಿಡಿಯಬೇಕು. ಮಂಗಳದಲ್ಲಿ ನೌಕೆಗಳು ಹಾಳಾದ ಕೆಲವು ಕಥೆಗಳು ಈ ಕೈಬದಲಾವಣೆಯ ಹೊತ್ತಿನಲ್ಲೇ ನಡೆದದ್ದು.

ಶುಕ್ರನಲ್ಲಿ ತೊಂದರೆ ತಿರುಗುಮುರುಗು. ಸೋವಿಯತ್ ಒಕ್ಕೂಟದ ವೆನೆರಾ-13 ಇಳಿದಲ್ಲಿ (1982ರ ಮಾರ್ಚ್ 1) ಒತ್ತಡ ಭೂಮಿಯ 89 ಪಟ್ಟು, ಉಷ್ಣತೆ 457 ಡಿಗ್ರಿ ಸೆಲ್ಸಿಯಸ್. ಗಾಳಿ ಅಷ್ಟು ದಟ್ಟವಾಗಿದ್ದುದರಿಂದ ನೆಲಕ್ಕಿಂತ ಸುಮಾರು 47 ಕಿ.ಮೀ. ಮೇಲೆಯೇ ಪ್ಯಾರಾಚೂಟ್ ಕಳಚಿ, ತಲೆಯ ಮೇಲಿನ ಒಂದು ಲೋಹದ ತಟ್ಟೆಯ ತಡೆಯಿಂದಲೇ ನೌಕೆ ಕೆಳಗಿಳಿಯಿತು. ನಿಧಾನವಾಗಿ ಇಳಿದಷ್ಟೂ ಬೇಯುವ ಅಪಾಯ, ಆದ್ದರಿಂದ ಬೇಗ ಬೀಳುವುದೇ ಲಾಭ. ಟೈಟಾನಿಯಂ ಗೋಳದೊಳಗಿನ ಉಪಕರಣಗಳು 32 ನಿಮಿಷ ತಾಳಿದರೆ ಸಾಕೆಂದು ಲೆಕ್ಕ ಹಾಕಿದ್ದರು, 127 ನಿಮಿಷ ತಾಳಿದವು.

ಪ್ರಶ್ನೆ: ವಿಕ್ರಮ್ ಲ್ಯಾಂಡರ್‌ನ ತೂಕದಲ್ಲಿ ಇಂಧನದ ಪಾಲು ಎಷ್ಟು? ಲೆಕ್ಕವನ್ನು ನಾವೇ ಮಾಡಬಹುದೇ?
(ಬಿ.ಇ. ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಮಾಡಬಹುದು, ಮಾಡಲೇಬೇಕು. ಚಂದ್ರಯಾನ-3ರ ಲ್ಯಾಂಡರ್ ಘಟಕದ ದ್ರವ್ಯರಾಶಿ 1,752 ಕೆ.ಜಿ., ಪ್ರಜ್ಞಾನ್ ರೋವರ್‌ನ 26 ಕೆ.ಜಿ.ಯೂ ಅದರಲ್ಲೇ ಸೇರಿದೆ. ಸುಮಾರು 30 ಕಿ.ಮೀ. ಎತ್ತರದಲ್ಲಿ ಇಳಿಕೆ ಶುರುವಾದಾಗ ವೇಗ ಸೆಕೆಂಡಿಗೆ 1.68 ಕಿ.ಮೀ. ಇಳಿಯುವಷ್ಟೂ ಹೊತ್ತು ಚಂದ್ರನ ಸೆಳೆತವನ್ನೂ ತಡೆಯಬೇಕಾದ್ದರಿಂದ ಒಟ್ಟು ಕಳೆಯಬೇಕಾದ ವೇಗವನ್ನು 2 ಕಿ.ಮೀ. ಎಂದಿಟ್ಟುಕೊಳ್ಳಿ. ಇಂಥ ದ್ರವ ಇಂಧನದ ಎಂಜಿನ್‌ನಿಂದ ಹೊರಬೀಳುವ ಅನಿಲದ ವೇಗ ಸೆಕೆಂಡಿಗೆ ಸುಮಾರು 2.8 ಕಿ.ಮೀ. ರಾಕೆಟ್ ಸಮೀಕರಣದಂತೆ, 2ನ್ನು 2.8ರಿಂದ ಭಾಗಿಸಿ ಬಂದದ್ದನ್ನು 'ಇ' ಸಂಖ್ಯೆಯ (ಸುಮಾರು 2.718) ಘಾತವಾಗಿ ಇಟ್ಟರೆ 2.04 ಬರುತ್ತದೆ. ಇಳಿಯುವ ಮುಂಚಿನ ತೂಕ ಇಳಿದ ಮೇಲಿನ ತೂಕದ ಎರಡರಷ್ಟು ಎಂದಾಯಿತು. ಅರ್ಧಕ್ಕರ್ಧ ಇಂಧನ.

ಎಂಜಿನ್‌ಗಳನ್ನೂ ಹೀಗೇ ಪರೀಕ್ಷಿಸಿ. ತಲಾ 800 ನ್ಯೂಟನ್‌ನ ನಾಲ್ಕು, ಒಟ್ಟು 3,200. ಅದನ್ನು 1,752ರಿಂದ ಭಾಗಿಸಿದರೆ ಆರಂಭದ ಬ್ರೇಕ್ ಸಿಗುತ್ತದೆ: ಪ್ರತಿ ಸೆಕೆಂಡೂ ವೇಗ 'ಸೆಕೆಂಡಿಗೆ 1.83 ಮೀಟರ್'ನಷ್ಟು ತಗ್ಗುತ್ತದೆ. ಇಸ್ರೊ ಪ್ರಕಟಿಸಿದ ಯೋಜನೆಯಲ್ಲಿ ಮೊದಲ ಹಂತದ 690 ಸೆಕೆಂಡಿನಲ್ಲಿ ವೇಗ 1,680 ಮೀಟರಿನಿಂದ 358 ಮೀಟರಿಗೆ ಇಳಿಯಬೇಕು, ಸರಾಸರಿ 1.92. ಇಂಧನ ಉರಿದಂತೆ ನೌಕೆ ಹಗುರಾಗಿ ಬ್ರೇಕ್ ಬಿಗಿಯಾಗುತ್ತ ಹೋಗುವುದರಿಂದ ಎರಡೂ ಅಂಕಿಗಳು ಹೊಂದುತ್ತವೆ.

ಕೊನೆಯಲ್ಲಿ ಉಳಿದ 860 ಕೆ.ಜಿ.ಗೆ ಚಂದ್ರನ ಮೇಲೆ ತೂಕ ಸುಮಾರು 1,400 ನ್ಯೂಟನ್. ಅದನ್ನು ಹೊರಲು ಎರಡೇ ಎಂಜಿನ್ ಸಾಕು. ಆದರೆ ಕೆಳಗೆ ಬಂಡೆ ಇದೆಯೇ ನೋಡೋಣವೆಂದು ಅಲ್ಲೇ ತೇಲುತ್ತ ನಿಂತರೆ ಸೆಕೆಂಡಿಗೆ ಅರ್ಧ ಕಿಲೋ ಇಂಧನ ಹೋಗುತ್ತದೆ. ಒಂದು ನಿಮಿಷ ನಿಂತರೆ 30 ಕಿಲೋ, ಪ್ರಜ್ಞಾನ್‌ನ ತೂಕಕ್ಕಿಂತ ಹೆಚ್ಚು. ಬಂಡೆ ಗುರುತಿಸುವ ಕ್ಯಾಮೆರಾ ಮತ್ತು ತಂತ್ರಾಂಶ ಕೆಲವೇ ಸೆಕೆಂಡಿನಲ್ಲಿ ತೀರ್ಮಾನ ಕೊಡಬೇಕು ಎನ್ನುವುದು ಇದಕ್ಕೇ.

ಈ ಲೆಕ್ಕದಲ್ಲಿ ಕಾಣದ ಇನ್ನೊಂದು ತೊಂದರೆ ತುಳುಕಾಟ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಇಂಧನ ಆಚೀಚೆ ಹೊಯ್ದಾಡಿ ನೌಕೆಯನ್ನೇ ವಾಲಿಸುತ್ತದೆ. ಟ್ಯಾಂಕಿನೊಳಗೆ ತಡೆಹಲಗೆ ಹಾಕುವುದಲ್ಲದೆ, ತುಳುಕುವ ಲಯಕ್ಕೂ ಎಂಜಿನ್ ತಿದ್ದುವ ಲಯಕ್ಕೂ ತಾಳ ಕೂಡದಂತೆ ನಿಯಂತ್ರಣ ತಂತ್ರಾಂಶವನ್ನು ಹೊಂದಿಸಬೇಕು.

ಪ್ರಶ್ನೆ: ಚಂದ್ರಯಾನ-2 ಬಿದ್ದು ಚಂದ್ರಯಾನ-3 ನಿಂತಿತು. ನಡುವೆ ನಿಜವಾಗಿ ಬದಲಾದದ್ದೇನು?
(ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಮೈಸೂರು)

ಉತ್ತರ: 2019ರ ಸೆಪ್ಟೆಂಬರ್ 7ರ ನಸುಕಿನ ಸೋಲಿಗೆ ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಮೂರು ಕಾರಣ ಕೊಟ್ಟರು. ಒಂದು, ಐದು ಎಂಜಿನ್‌ಗಳೂ ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು. ಎರಡು, ಚಿತ್ರ ತೆಗೆಯಲೆಂದು ನೌಕೆ ಅಲುಗಾಡದೆ ಇರಬೇಕಾದ ಹಂತದಲ್ಲಿ ಆ ವ್ಯತ್ಯಾಸವನ್ನು ಅಲ್ಲಲ್ಲೇ ತಿದ್ದಲಾಗದೆ ಅದು ಕೂಡುತ್ತ ಹೋಯಿತು. ಆ ಹಂತ ಮುಗಿದಾಗ ಒಮ್ಮೆಲೇ ಬಹಳ ತಿರುಗಬೇಕಾಯಿತು, ತಿರುಗುವ ವೇಗಕ್ಕೋ ತಂತ್ರಾಂಶದಲ್ಲಿ ಮಿತಿ ಇತ್ತು. ಮೂರು, ಇಳಿಯಲು ಕೊಟ್ಟಿದ್ದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ ಮಾತ್ರ. ನೆಲ ಹತ್ತಿರವಾಗಿದ್ದರೂ ಆ ಚೌಕವನ್ನೇ ಮುಟ್ಟಬೇಕೆಂದು ನೌಕೆ ವೇಗ ಹೆಚ್ಚಿಸಿಕೊಂಡಿತು.

ಮೂರನ್ನೂ ಒಟ್ಟಿಗೆ ನೋಡಿ. ಯಾವ ಭಾಗವೂ ಮುರಿದಿರಲಿಲ್ಲ. ಎಂಜಿನ್ ದುರ್ಬಲವಾಗಿರಲಿಲ್ಲ, ಬಲ ಹೆಚ್ಚಾಗಿತ್ತು. ತಂತ್ರಾಂಶ ಹೇಳಿದ್ದನ್ನು ಹೇಳಿದಂತೆ ಮಾಡಿತು. ಎಲ್ಲವೂ ಯೋಜನೆಯಂತೆ ನಡೆದರೆ ಮಾತ್ರ ಹೊಂದುವ ಮಿತಿಗಳನ್ನು ಹಾಕಿದ್ದೇ ದೋಷ. ಎರಡನೆಯ ಸಲ ಏನೇನು ಕೆಡಬಹುದೆಂಬ ಪಟ್ಟಿಯಿಂದಲೇ ವಿನ್ಯಾಸ ಶುರುವಾಯಿತು.

ಹಾಗಾಗಿ ಇಳಿಯುವ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ನಡುವಿನ ಐದನೆಯ ಎಂಜಿನ್ ಹೋಯಿತು, ಇಂಧನ ಹೆಚ್ಚಾಯಿತು. ನೌಕೆ ಯಾವ ಕಡೆ ಮುಖ ಮಾಡಿ ನಿಂತರೂ ಕರೆಂಟು ಸಿಗಲೆಂದು ಇನ್ನಷ್ಟು ಬದಿಗಳಿಗೆ ಸೌರಫಲಕ ಬಂತು. ಕಾಲುಗಳನ್ನು ಬಲಪಡಿಸಿದರು. ನಮ್ಮ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಲೇಸರ್ ಡಾಪ್ಲರ್ ವೇಗಮಾಪಕ. ನೆಲಕ್ಕೆ ಲೇಸರ್ ಕಿರಣ ಬಿಟ್ಟು, ಮರಳಿದ ಬೆಳಕಿನ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ನೌಕೆಯ ವೇಗವನ್ನು ನೇರವಾಗಿ ಅಳೆಯುವ ಸಲಕರಣೆ ಅದು. ನೇರವಾಗಿ ಅಳೆದ ವೇಗ ಕೈಲಿದ್ದರೆ, ಒಳಗಿನ ಲೆಕ್ಕದಲ್ಲಿ ಕೂಡುತ್ತ ಬಂದ ತಪ್ಪನ್ನು ಹೊಡೆದುಹಾಕಬಹುದು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ವಿಕ್ರಮ್ ನಿಂತಿತು.

ಚಂದ್ರಯಾನ-2ರ ಸಂವೇದಕಗಳನ್ನು ಪರೀಕ್ಷಿಸಲು ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂತೆ ಗುಂಡಿ ತೋಡಿ, ಮೇಲೆ ವಿಮಾನ ಹಾರಿಸಿ ಅಳತೆ ತೆಗೆದಿದ್ದರು. ಬೆಂಗಳೂರಿನ ಪರೀಕ್ಷೆಗಳಿಗೆ ಬೇಕಾದ 'ಚಂದ್ರನ ಮಣ್ಣು' ತಮಿಳುನಾಡಿನ ಸಿತ್ತಂಪೂಂಡಿಯ ಬಿಳಿಗಲ್ಲನ್ನು ಪುಡಿಮಾಡಿದ್ದು.

ಪ್ರಶ್ನೆ: ನಾನು ತಂತ್ರಾಂಶ ಕ್ಷೇತ್ರದಲ್ಲಿದ್ದೇನೆ. ಎತ್ತರ ಅಳೆಯುವುದು ಇಷ್ಟು ಕಷ್ಟವೇ? ರೇಡಾರ್ ಒಂದಿದ್ದರೆ ಸಾಲದೇ?
(ಓದುಗರು, ಶಿವಮೊಗ್ಗ)

ಉತ್ತರ: ಸಾಲದು. ರೇಡಾರ್ ಹೇಳುವುದು ತನ್ನ ಮುಖ ಇರುವ ದಿಕ್ಕಿನಲ್ಲಿ ನೆಲ ಎಷ್ಟು ದೂರ ಎಂದು. ನೌಕೆ ವಾಲಿದ್ದರೆ ಅದು ಓರೆ ದೂರ. ಎತ್ತರ ಬೇಕಾದರೆ ಅದನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಬೇಕು. ಕೋನ ಹೇಳುವುದು ಒಳಗಿನ ಜೈರೊಗಳು, ಅಂದರೆ ನೌಕೆ ಎಷ್ಟು ತಿರುಗಿತೆಂದು ಅಳೆಯುವ ಸಂವೇದಕಗಳು. ಅಂದರೆ ಒಂದು ಅಳತೆಯ ಸತ್ಯ ಇನ್ನೊಂದರ ಮೇಲೆ ನಿಂತಿದೆ.

2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಮಂಗಳದಲ್ಲಿ ಹಾಳಾದದ್ದು ಈ ಗುಣಾಕಾರದಲ್ಲೇ. ಪ್ಯಾರಾಚೂಟ್ ಬಿಚ್ಚಿದಾಗ ನೌಕೆ ಎಣಿಸಿದ್ದಕ್ಕಿಂತ ಜೋರಾಗಿ ಓಲಾಡಿತು. ಜೈರೊ ತನ್ನ ಗರಿಷ್ಠ ಅಳತೆಗೆ ಹೋಗಿ ಸುಮಾರು ಒಂದು ಸೆಕೆಂಡು ಅಲ್ಲೇ ಅಂಟಿಕೊಂಡಿತು. ತಂತ್ರಾಂಶ ಆ ಗರಿಷ್ಠವನ್ನೇ ನಿಜವೆಂದು ಕೂಡಿಸುತ್ತ ಹೋಗಿ, ನೌಕೆ ಸುಮಾರು 165 ಡಿಗ್ರಿ ತಿರುಗಿ ಬಹುತೇಕ ತಲೆಕೆಳಗಾಗಿದೆ ಎಂದು ನಂಬಿತು. 165ರ ಕೊಸೈನ್ ಋಣಸಂಖ್ಯೆ. ರೇಡಾರ್ ಸರಿಯಾಗಿ ಹೇಳಿದ ದೂರ ಅದರಿಂದ ಗುಣಿತವಾಗಿ ಎತ್ತರ ಸೊನ್ನೆಗಿಂತ ಕಡಿಮೆ ಎಂದು ಬಂತು. ಅಂದರೆ 'ನಾವು ನೆಲದೊಳಗಿದ್ದೇವೆ'. ಪ್ಯಾರಾಚೂಟ್ ಕಳಚಿತು, 30 ಸೆಕೆಂಡು ಉರಿಯಬೇಕಿದ್ದ ಎಂಜಿನ್ 3 ಸೆಕೆಂಡಿಗೆ ನಿಂತಿತು. ಆಗ ನೌಕೆ ನಿಜವಾಗಿ 3.7 ಕಿ.ಮೀ. ಎತ್ತರದಲ್ಲಿತ್ತು.

ಇದಕ್ಕೆ ಪೂರ್ತಿ ವಿರುದ್ಧವಾದ ತಪ್ಪು ಜಪಾನಿನ ಐಸ್ಪೇಸ್ ಕಂಪನಿಯ ಹಕುಟೊ-ಆರ್ ನೌಕೆಯದು (2023ರ ಏಪ್ರಿಲ್). ಚಂದ್ರನ ಕುಳಿಯೊಂದರ ಅಂಚನ್ನು ದಾಟಿದಾಗ ನೆಲ ಒಮ್ಮೆಲೇ ಸುಮಾರು 3 ಕಿ.ಮೀ. ಕೆಳಗೆ ಹೋಯಿತು. ಎತ್ತರಮಾಪಕ ಅದನ್ನು ಸರಿಯಾಗಿಯೇ ಹೇಳಿತು. ಒಳಗಿನ ಅಂದಾಜಿಗೂ ಅದಕ್ಕೂ ಅಷ್ಟು ಅಂತರ ಕಂಡ ತಂತ್ರಾಂಶ ಎತ್ತರಮಾಪಕವೇ ಕೆಟ್ಟಿದೆ ಎಂದುಕೊಂಡು ಅದರ ಮಾತು ಕೇಳುವುದನ್ನು ಬಿಟ್ಟಿತು. ನೆಲ ಮುಟ್ಟಿದೆ ಎಂದು ಎಣಿಸಿದಾಗ ಸುಮಾರು 5 ಕಿ.ಮೀ. ಮೇಲಿತ್ತು, ಇಂಧನ ತೀರಿ ಬಿತ್ತು. ಇಳಿಯುವ ಜಾಗವನ್ನು ವಿನ್ಯಾಸ ಮುಗಿದ ಮೇಲೆ ಬದಲಾಯಿಸಿದ್ದರು; ಹೊಸ ದಾರಿಯಲ್ಲಿ ಅಂಥ ಕಡಿದಾದ ಅಂಚು ಇರುವುದನ್ನು ಹಳೆಯ ಪರೀಕ್ಷೆಗಳು ಸಾಕಷ್ಟು ಗಮನಿಸಿರಲಿಲ್ಲ.

ಒಂದು ನೌಕೆ ಸುಳ್ಳು ಹೇಳಿದ ಸಂವೇದಕವನ್ನು ನಂಬಿತು, ಇನ್ನೊಂದು ನಿಜ ಹೇಳಿದ್ದನ್ನು ನಂಬಲಿಲ್ಲ. ಆದ್ದರಿಂದ ಮಿತಿಯ ಸಂಖ್ಯೆಯೊಂದನ್ನು ಬರೆದು ಕೈತೊಳೆದುಕೊಳ್ಳುವಂತಿಲ್ಲ. ನಿಮ್ಮ ಕೆಲಸದ ಮಾತಿನಲ್ಲಿ ಹೇಳುವುದಾದರೆ: ಸಂವೇದಕ ತನ್ನ ಗರಿಷ್ಠಕ್ಕೆ ಹೋಗಿದ್ದರೆ ಆ ಅವಧಿಯ ಅಳತೆಯನ್ನು ಕೂಡಿಸಬೇಡಿ, 'ಗೊತ್ತಿಲ್ಲ' ಎಂದು ಗುರುತು ಹಾಕಿ. ಎತ್ತರ ಋಣವಾಗಿ ಬಂದರೆ ಅದು ಭೌತಿಕವಾಗಿ ಅಸಾಧ್ಯ, ಅಲ್ಲಿಗೇ ತಡೆಯಿರಿ. ತಿರಸ್ಕರಿಸಿದ ಸಂವೇದಕ ಅನಂತರವೂ ಒಂದೇ ರೀತಿಯ, ತನಗೆ ತಾನು ಹೊಂದುವ ಅಳತೆ ಕೊಡುತ್ತಲೇ ಇದ್ದರೆ ಅದನ್ನು ಮರಳಿ ಒಳಗೆ ಕರೆದುಕೊಳ್ಳುವ ದಾರಿ ಇರಬೇಕು. 'ನೆಲ ಮುಟ್ಟಿತು' ಎಂಬ ತೀರ್ಮಾನವನ್ನಂತೂ ಒಂದೇ ಸಂಕೇತಕ್ಕೆ ಬಿಡಬಾರದು. 1999ರ ಮಾರ್ಸ್ ಪೋಲಾರ್ ಲ್ಯಾಂಡರ್‌ನ ಕಾಲುಗಳು ಗಾಳಿಯಲ್ಲಿ ಬಿಚ್ಚಿಕೊಂಡಾಗಿನ ಜರ್ಕನ್ನೇ ನೆಲದ ಸ್ಪರ್ಶವೆಂದು ತಂತ್ರಾಂಶ ನೆನಪಿಟ್ಟುಕೊಂಡಿತ್ತು, ಸುಮಾರು 40 ಮೀಟರ್ ಮೇಲೆ ಎಂಜಿನ್ ಆರಿಸಿತು ಎನ್ನುವುದೇ ತನಿಖೆ ಕಂಡುಕೊಂಡ ಅತ್ಯಂತ ಸಂಭವನೀಯ ಕಾರಣ. ಆ ನೆನಪನ್ನು ಅಳಿಸುವ ಒಂದು ಸಾಲು ಇರಲಿಲ್ಲ.

ಭೂಮಿಯಿಂದ ಸಹಾಯ ಮಾಡಲು ಆಗದೇ ಎಂದು ಕೇಳಬಹುದು. ಚಂದ್ರನಿಗೆ ಸಂಕೇತ ಹೋಗಲು 1.3 ಸೆಕೆಂಡು ಸಾಕು, ಮಂಗಳಕ್ಕೆ 3ರಿಂದ 22 ನಿಮಿಷ. ಪರ್ಸಿವಿಯರೆನ್ಸ್‌ಗೆ ಅದಕ್ಕಾಗಿಯೇ ಕೆಳಗಿನ ನೆಲದ ಚಿತ್ರ ತೆಗೆದು, ತನ್ನಲ್ಲಿರುವ ನಕ್ಷೆಯೊಂದಿಗೆ ಹೋಲಿಸಿ, ತಾನೆಲ್ಲಿದ್ದೇನೆಂದು ತಾನೇ ಕಂಡುಕೊಳ್ಳುವ ವ್ಯವಸ್ಥೆ ಕೊಟ್ಟರು. ಆ ನೌಕೆ ನೆಲ ಮುಟ್ಟಿದ್ದನ್ನು ನಿಯಂತ್ರಣ ಕೊಠಡಿಯಿಂದ ಜಗತ್ತಿಗೆ ಹೇಳಿದ ಸ್ವಾತಿ ಮೋಹನ್ ಹುಟ್ಟಿದ್ದು ಬೆಂಗಳೂರಿನಲ್ಲಿ.

ಪ್ರಶ್ನೆ: ಶನಿಯ ಉಪಗ್ರಹ ಟೈಟನ್‌ಗೆ ಇಳಿದ ಹೈಗನ್ಸ್‌ನಲ್ಲಿ ಹಾರಿದ ಮೇಲೆ ದೋಷ ಸಿಕ್ಕಿತು ಎಂದು ಓದಿದ್ದೆ. ಹಾರಿದ ನೌಕೆಯನ್ನು ಸರಿಪಡಿಸಿದ್ದು ಹೇಗೆ?
(ಭೌತಶಾಸ್ತ್ರ ಉಪನ್ಯಾಸಕಿ, ಮಂಗಳೂರು)

ಉತ್ತರ: ನೌಕೆಯನ್ನು ಮುಟ್ಟದೆ, ದಾರಿಯನ್ನು ಬದಲಾಯಿಸಿ. ಈ ಕ್ಷೇತ್ರದಲ್ಲಿ ನಾವು ಅತ್ಯಂತ ಗೌರವಿಸುವ ಕೆಲಸಗಳಲ್ಲಿ ಇದೊಂದು.

ಸುಮಾರು 320 ಕೆ.ಜಿ.ಯ ಹೈಗನ್ಸ್‌ ಭೂಮಿಯೊಂದಿಗೆ ನೇರವಾಗಿ ಮಾತಾಡುವಂತಿರಲಿಲ್ಲ. ಅದು ಕಳಿಸಿದ್ದನ್ನು ಮೇಲೆ ಹಾರುವ ಕ್ಯಾಸಿನಿ ನೌಕೆ ಹಿಡಿದು ಭೂಮಿಗೆ ದಾಟಿಸಬೇಕಿತ್ತು. ಎರಡೂ 1997ರ ಅಕ್ಟೋಬರ್ 15ರಂದು ಜೊತೆಯಾಗಿ ಹೊರಟವು. 2000ದಲ್ಲಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಬೋರಿಸ್ ಸ್ಮೆಡ್ಸ್ ಒಂದು ಪರೀಕ್ಷೆಗೆ ಹಟಹಿಡಿದರು. ಹೈಗನ್ಸ್ ಕಳಿಸುವಂಥ ಸಂಕೇತವನ್ನು, ನಿಜವಾದ ಡಾಪ್ಲರ್ ಬದಲಾವಣೆ (ಚಲನೆಯಿಂದ ಅಲೆಯ ಆವರ್ತನ ಬದಲಾಗುವುದು) ಸಮೇತ, ಭೂಮಿಯಿಂದ ಕ್ಯಾಸಿನಿಗೆ ಕಳಿಸಿ ನೋಡುವುದು. ನೋಡಿದರೆ ಮಾಹಿತಿ ಚೂರುಚೂರು.

ಕಾರಣ ಸೂಕ್ಷ್ಮವಾದದ್ದು. ಕ್ಯಾಸಿನಿ ಟೈಟನ್ ಕಡೆಗೆ ಸೆಕೆಂಡಿಗೆ ಸುಮಾರು 5.5 ಕಿ.ಮೀ. ವೇಗದಲ್ಲಿ ಧಾವಿಸುವಾಗ ರೇಡಿಯೊ ಅಲೆಯ ಆವರ್ತನ ಏರುತ್ತದೆ. ಆ ಏರಿಕೆಯನ್ನು ಹಿಂಬಾಲಿಸಲು ಗ್ರಾಹಕ ಯಂತ್ರಕ್ಕೆ ಬರುತ್ತಿತ್ತು. ಆದರೆ ಅಲೆ ಒತ್ತೊತ್ತಾದಾಗ ಅದರ ಮೇಲೆ ಕೂತ ಬಿಟ್‌ಗಳೂ ಅದೇ ಪ್ರಮಾಣದಲ್ಲಿ ಒತ್ತೊತ್ತಾಗಿ ಬರುತ್ತವೆ. ಸೆಕೆಂಡಿಗೆ 8,192 ಬಿಟ್ ಇರುವಲ್ಲಿ ಈ ವ್ಯತ್ಯಾಸ ಸುಮಾರು 0.15 ಬಿಟ್. ಇಷ್ಟೇ ಇಷ್ಟು. ಬಿಟ್‌ಗಳ ತಾಳ ಹಿಡಿಯುವ ಭಾಗಕ್ಕೆ ಅಷ್ಟೂ ಸಡಿಲ ಕೊಟ್ಟಿರಲಿಲ್ಲ, ಹಾರಿದ ಮೇಲೆ ಅದನ್ನು ಬದಲಿಸಲೂ ಬರುತ್ತಿರಲಿಲ್ಲ.

ಪರಿಹಾರ ರೇಖಾಗಣಿತದಲ್ಲಿ ಸಿಕ್ಕಿತು. ಡಾಪ್ಲರ್ ಹುಟ್ಟುವುದು ನಮ್ಮತ್ತ ಬರುವ ವೇಗದಿಂದ, ಅಡ್ಡ ಹಾಯುವ ವೇಗದಿಂದಲ್ಲ. ಸುಮಾರು 1,200 ಕಿ.ಮೀ. ದೂರದಿಂದ ಹಾಯಬೇಕಿದ್ದ ಕ್ಯಾಸಿನಿಯನ್ನು ಸುಮಾರು 60,000 ಕಿ.ಮೀ. ದೂರದಿಂದ ಹಾಯಿಸಿದರೆ ಅದರ ಚಲನೆಯ ಬಹುಪಾಲು ಅಡ್ಡವಾಗುತ್ತದೆ. ಹಾಗೇ ಮಾಡಿದರು. ಅದಕ್ಕಾಗಿ ಕ್ಯಾಸಿನಿಯ ಮೊದಲ ಸುತ್ತುಗಳನ್ನೇ ಮರುಯೋಜಿಸಿ, ಇಳಿಯುವ ದಿನವನ್ನು 2005ರ ಜನವರಿ 14ಕ್ಕೆ ಮುಂದೂಡಿದರು.

2004ರ ಡಿಸೆಂಬರ್ 25ರಂದು ಬೇರ್ಪಟ್ಟ ಮೇಲೆ 20 ದಿನ ಹೈಗನ್ಸ್ ನಿದ್ದೆಯಲ್ಲಿತ್ತು. ಅದನ್ನು ಎಬ್ಬಿಸಲು ಮೂರು ಗಡಿಯಾರ, ಕರೆಂಟಿಗೆ ಐದು ಬ್ಯಾಟರಿ. ಪ್ಯಾರಾಚೂಟ್‌ನದೂ ಮೂರು ಹಂತ: ಮೊದಲು 2.6 ಮೀಟರಿನದು, ಅದು ಎಳೆದು ತೆಗೆದ 8.3 ಮೀಟರಿನದು, 15 ನಿಮಿಷದ ಮೇಲೆ ಅದನ್ನು ಕಳಚಿ 3 ಮೀಟರಿನದು. ದೊಡ್ಡದನ್ನು ಬಿಟ್ಟು ಚಿಕ್ಕದಕ್ಕೆ ಹೋಗುವುದು ವಿಚಿತ್ರವೆನಿಸಬಹುದು. ಟೈಟನ್‌ನ ಗಾಳಿ ದಟ್ಟ, ಸೆಳೆತ ನಮ್ಮದರ ಏಳನೆಯ ಒಂದು ಭಾಗ. ದೊಡ್ಡ ಪ್ಯಾರಾಚೂಟ್‌ನಲ್ಲೇ ತೇಲುತ್ತಿದ್ದರೆ ನೆಲ ಸೇರುವ ಮೊದಲೇ ಬ್ಯಾಟರಿ ಮುಗಿದು, ಕ್ಯಾಸಿನಿ ದಿಗಂತದ ಕೆಳಗೆ ಮುಳುಗಿಹೋಗುತ್ತಿತ್ತು. ಇಳಿಯಲು ಸುಮಾರು ಎರಡೂವರೆ ಗಂಟೆ ಹಿಡಿಯಿತು, ನೆಲ ಮುಟ್ಟಿದ ವೇಗ ಸೆಕೆಂಡಿಗೆ 5 ಮೀಟರಿಗಿಂತ ಕಡಿಮೆ. ಮೈನಸ್ 179 ಡಿಗ್ರಿ ಚಳಿಯಲ್ಲಿ ಇನ್ನೂ 72 ನಿಮಿಷ ಕ್ಯಾಸಿನಿಗೆ ಅದರ ದನಿ ಕೇಳುತ್ತಲೇ ಇತ್ತು.

ಇಷ್ಟೆಲ್ಲ ಆದರೂ ಹೈಗನ್ಸ್ ಮಾಹಿತಿ ಕಳಿಸಿದ ಎರಡು ರೇಡಿಯೊ ವಾಹಿನಿಗಳಲ್ಲಿ ಒಂದು ಕೈತಪ್ಪಿತು. ಕ್ಯಾಸಿನಿಗೆ ಕಳಿಸಿದ ಆದೇಶಗಳ ಪಟ್ಟಿಯಲ್ಲಿ ಆ ವಾಹಿನಿಯ ಗ್ರಾಹಕಕ್ಕೆ ಬೇಕಾದದ್ದನ್ನು ಚಾಲೂ ಮಾಡುವ ಆದೇಶ ಬಿಟ್ಟುಹೋಗಿತ್ತು. ಎರಡರಲ್ಲೂ ಒಂದೇ ಮಾಹಿತಿ ಕಳಿಸಿದ ಉಪಕರಣಗಳಿಗೆ ನಷ್ಟವಾಗಲಿಲ್ಲ. ಆದರೆ ಚಿತ್ರಗಳನ್ನು ಎರಡಕ್ಕೂ ಹಂಚಿ ಕಳಿಸಿದ್ದರಿಂದ ಅರ್ಧದಷ್ಟು ಹೋದವು, ಸುಮಾರು 350 ಉಳಿದವು.

ಪ್ರಶ್ನೆ: ವಿಕ್ರಮ್ ಚಂದ್ರನ ರಾತ್ರಿ ಕಳೆದು ಏಳಲಿಲ್ಲವೇಕೆ?
(ಗೃಹಿಣಿ, ಕಲಬುರಗಿ)

ಉತ್ತರ: ಅದನ್ನು ಒಂದು ಹಗಲಿಗೆಂದೇ ಮಾಡಿದ್ದರು. ಅಲ್ಲಿ ಹಗಲೆಂದರೆ ನಮ್ಮ 14 ದಿನ, ರಾತ್ರಿಯೂ ಅಷ್ಟೇ. ಸೌರಫಲಕದ 738 ವಾಟ್ ರಾತ್ರಿಗೆ ಸೊನ್ನೆಯಾಗುತ್ತದೆ, ಬ್ಯಾಟರಿ ತಡೆಯಲಾರದಷ್ಟು ಚಳಿ ಬೀಳುತ್ತದೆ, ಬೆಸುಗೆಗಳು ಕುಗ್ಗಿ ಬಿರಿಯುತ್ತವೆ. ನೆಲದ ಬಿಸಿಯೂ ಒದಗದು: ವಿಕ್ರಮ್‌ನ ಉಷ್ಣಮಾಪಕ ಮೇಲ್ಮಣ್ಣಿನಲ್ಲಿ ಸುಮಾರು 50 ಡಿಗ್ರಿ ಕಂಡರೆ 8 ಸೆಂ.ಮೀ. ಆಳದಲ್ಲಿ ಮೈನಸ್ 10 ಕಂಡಿತು, ಆ ಮಣ್ಣು ಅಷ್ಟು ಚೆನ್ನಾಗಿ ಶಾಖ ತಡೆಯುತ್ತದೆ. ಚೀನಾದ ಚಾಂಗ್‌ಇ-3 ರಾತ್ರಿ ಕಳೆದದ್ದು ವಿಕಿರಣಶೀಲ ವಸ್ತುವಿನ ಹೀಟರ್‌ನ ಬಲದಿಂದ.

ಪ್ರಶ್ನೆ: ಶಾಲೆಯ ವಿಜ್ಞಾನ ಮೇಳಕ್ಕೆ ಲ್ಯಾಂಡರ್ ಕಾಲಿನ ಮಾದರಿ ಮಾಡಿಸಬೇಕೆಂದಿದ್ದೇನೆ. ನಿಜವಾದ ಕಾಲಿನಲ್ಲಿ ಸ್ಪ್ರಿಂಗ್ ಇರುತ್ತದೆಯೇ? ಮಕ್ಕಳು ಏನನ್ನು ಅಳೆಯಬಹುದು?
(ವಿಜ್ಞಾನ ಶಿಕ್ಷಕಿ, ಹುಬ್ಬಳ್ಳಿ)

ಉತ್ತರ: ಸ್ಪ್ರಿಂಗ್ ಬೇಡ. ಅದು ತೆಗೆದುಕೊಂಡ ಶಕ್ತಿಯನ್ನು ಮರಳಿ ಕೊಟ್ಟು ನೌಕೆಯನ್ನು ಪುಟಿಸುತ್ತದೆ. ಸೆಳೆತ ಕಡಿಮೆಯಿದ್ದಲ್ಲಿ ಪುಟಿತವೇ ದೊಡ್ಡ ಶತ್ರು. 2014ರ ನವೆಂಬರ್ 12ರಂದು ಧೂಮಕೇತು ಮುಟ್ಟಿದ ಯುರೋಪಿನ ಫಿಲೆ ನೌಕೆಯ ಈಟಿಗಳು ನೆಲಕ್ಕೆ ನೆಡಲಿಲ್ಲ, ಅದನ್ನು ಕೆಳಕ್ಕೆ ಒತ್ತಬೇಕಿದ್ದ ಅನಿಲದ ಜೆಟ್ ಕೂಡ ಕೆಲಸ ಮಾಡಲಿಲ್ಲ. ಮತ್ತೆ ನೆಲ ಮುಟ್ಟಲು ಅದಕ್ಕೆ ಸುಮಾರು ಎರಡು ಗಂಟೆ ಬೇಕಾಯಿತು. ವಿಕ್ರಮ್‌ನ ಕಾಲೊಳಗೆ ಇರುವುದು ಜೇನುಗೂಡಿನಂತೆ ಹೆಣೆದ ಅಲ್ಯೂಮಿನಿಯಂ. ಅದು ಒಮ್ಮೆ ಜಜ್ಜಿಹೋಗಿ ಶಕ್ತಿಯನ್ನು ತನ್ನಲ್ಲೇ ಮುಗಿಸುತ್ತದೆ.

ಮಾದರಿಗೆ ರಟ್ಟಿನ ಪೆಟ್ಟಿಗೆಯ ಅಲೆಯಲೆ ರಟ್ಟನ್ನು ಪಟ್ಟಿ ಕತ್ತರಿಸಿ, ತೂತುಗಳು ಮೇಲೆ ಕೆಳಗೆ ಕಾಣುವಂತೆ ನಿಲ್ಲಿಸಿ ಅಂಟಿಸಿ, ಅದೇ ಜೇನುಗೂಡು. ವಿಕ್ರಮ್ ಇಳಿಯಬೇಕಿದ್ದ ವೇಗ ಸೆಕೆಂಡಿಗೆ 2 ಮೀಟರ್. ಭೂಮಿಯಲ್ಲಿ ಆ ವೇಗ ಸಿಗಲು ಬೀಳಿಸಬೇಕಾದ ಎತ್ತರ 20 ಸೆಂ.ಮೀ. ಅಷ್ಟೇ. ಚಂದ್ರಯಾನ-3ರ ಕಾಲು ತಾಳಬಲ್ಲದೆಂದ 3 ಮೀಟರಿಗೆ 46 ಸೆಂ.ಮೀ. ವೇಗ ಒಂದೂವರೆ ಪಟ್ಟಾದರೂ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ, ಅದನ್ನು ಮಕ್ಕಳು ರಟ್ಟು ಎಷ್ಟು ಮಿ.ಮೀ. ಜಜ್ಜಿತು ಎಂಬುದರಲ್ಲೇ ಕಾಣಬಹುದು. ಪ್ರತಿ ಸಲಕ್ಕೂ ಹೊಸ ರಟ್ಟು ಹಾಕಿ. ತೂತುಗಳು ಅಡ್ಡಲಾಗಿರುವಂತೆ ಮಲಗಿಸಿ ಅಂಟಿಸಿದ ರಟ್ಟನ್ನೂ ಒಮ್ಮೆ ಬೀಳಿಸಿ ಹೋಲಿಸಿ, ಅದು ಬೇಗ ಚಪ್ಪಟೆಯಾಗಿ ಉಳಿದ ಪೆಟ್ಟನ್ನೆಲ್ಲ ಮೇಲಕ್ಕೆ ದಾಟಿಸುತ್ತದೆ.

ಎರಡನೆಯ ಪ್ರಯೋಗ ಉರುಳುವುದು. ವಿಕ್ರಮ್ ತಾಳಬೇಕಿದ್ದ ಇಳಿಜಾರು 12 ಡಿಗ್ರಿ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 21 ಸೆಂ.ಮೀ. ಎತ್ತಿದರೆ ಅದೇ ಕೋನ. ಮೇಲೆ ಎರಡು ಬೆರಳು ದಪ್ಪ ಎಂ-ಸ್ಯಾಂಡ್ ಹರಡಿ, ಜಾರದಂತೆ ಅಡ್ಡ ಕಡ್ಡಿ ಅಂಟಿಸಿ. ಮಾದರಿಯ ಭಾರವನ್ನು ಕೆಳಗಿಟ್ಟು ಒಮ್ಮೆ, ಮೇಲಿಟ್ಟು ಒಮ್ಮೆ ಬೀಳಿಸಿ. ಆಮೇಲೆ ನೇರ ಬೀಳಿಸುವ ಬದಲು ಇಳಿಜಾರಿನ ಕಡೆಗೆ ಮೆಲ್ಲಗೆ ನೂಕಿ ಬಿಡಿ. ಅಡ್ಡ ವೇಗ ಸ್ವಲ್ಪವೇ ಇದ್ದರೂ ಮಾದರಿ ಕಾಲೊಂದರ ಮೇಲೆ ಮಗುಚಿಕೊಳ್ಳುವುದನ್ನು ಮಕ್ಕಳು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯಬಹುದು.